ಅರ್ಧಕ್ಕೆ ಇಳಿದ ಬಾವುಟ

೨೫ ಜನವರಿ ೧೯೬೫, ಸೋಮವಾರ

ಇವತ್ತೂ ಬರೆಯಬೇಕಂತೆ. ಡಾಕ್ಟರನ ಹುಕುಂ. ಲಕ್ವ ಹೊಡೆದ ಬಲಗೈ ಮತ್ತೆ ಪಳಗಬೇಕಾದರೆ ದಿನಾ ಅರ್ಧ ಪುಟ. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟು ಗಣಿಗೆ ಇಳಿದವನು ನಾನು. ಈ ಕೈ ಗುದ್ದಲಿ ಹಿಡಿಯಲು ಹುಟ್ಟಿದ್ದು. ಏನು ಬರೆಯಲಿ ಎಂದರೆ ಮನಸ್ಸಿಗೆ ಬಂದದ್ದು ಬರೀರಿ ಎಂದ. ಮನಸ್ಸಿಗೆ ಬರುವುದು ಬೈಗುಳ.

ಚರ್ಚಿಲ್ ಸತ್ತ. ನಿನ್ನೆ. ರೇಡಿಯೋದಲ್ಲಿ ಬೇರೆ ಸುದ್ದಿಯೇ ಇಲ್ಲ.

ಗಾರ್ಮನ್ ಬೆಳಿಗ್ಗೆಯಿಂದ ಮೂಗು ಒರೆಸಿಕೊಳ್ಳುತ್ತಿದ್ದಾನೆ. ನನ್ನ ಹೆಂಡತಿ ನೆಸ್ಟಾಳ ತಮ್ಮ. ಅವಳು ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಅವನು ಅಡಿಗೆ, ನಾನು ತಕರಾರು.

೨೭ ಜನವರಿ, ಬುಧವಾರ

ಗಾರ್ಮನ್ ಜೊತೆ ಜಗಳ. ಶನಿವಾರ ಲಂಡನ್ನಿನಲ್ಲಿ ಹೆಣ ಎತ್ತುತ್ತಾರೆ. ಅವತ್ತು ಕಾರ್ಮಿಕ ಭವನದ ಬಾವುಟ ಅರ್ಧಕ್ಕೆ ಇಳಿಸಬೇಕಂತೆ. ಭವನದ ಅಧ್ಯಕ್ಷ ನಾನು. ಸಮಿತಿ ಕೂಡುವುದು ಮುಂದಿನ ಬುಧವಾರ. ಅಲ್ಲಿಯವರೆಗೆ ನಾನು ಹೇಳಿದ್ದೇ ಆಗುವುದು. ಆಗುವುದಿಲ್ಲ ಎಂದೆ.

"ಗಣಿಯವರು ಕಾಸು ಹಾಕಿ ಕಟ್ಟಿದ ಕಟ್ಟಡ ಅದು. ನಮ್ಮ ಗಣಿ ಮುಚ್ಚಿಸಿದವನಿಗೆ ಬಾವುಟ ಇಳಿಸ್ಬೇಕಾ?"

"ಅವನೊಬ್ಬನೇ ಮುಚ್ಚಿಸಿದ್ನಾ ಭಾವ?"

"ನೌಕಾಪಡೆ ಉರಿಸ್ತಿದ್ದದ್ದು ನಮ್ಮ ರೊಂಡ ಕಣಿವೆ ಕಲ್ಲಿದ್ದಲು. ಹೊಗೆ ಇಲ್ಲ, ಬೂದಿ ಕಮ್ಮಿ. ನೌಕಾ ಮಂತ್ರಿಯಾಗಿದ್ದಾಗ ಹಡಗಿಗೆ ಎಣ್ಣೆ ಹಾಕಿ ಅಂತ ಹೇಳಿದವನು ಯಾರು? ಪರ್ಷಿಯಾದ ಎಣ್ಣೆ. ಕಾಲ ಕೆಳಗಿನ ಕಲ್ಲಿದ್ದಲು ಬಿಟ್ಟು."

"ಎಣ್ಣೆ ಹಾಕಿದ್ದಕ್ಕೇ ಹಡಗು ಓಡ್ತು. ಇಲ್ದಿದ್ರೆ ನಿನ್ನ ಕಲ್ಲಿದ್ದಲು ತುಂಬಿಸ್ಕೋತಾ ಬಂದರಲ್ಲೇ ಕೂತಿರೋದು, ಜರ್ಮನ್ನರು ಬಂದು ಟೀ ಕೊಟ್ಟು ಎಬ್ಬಿಸೋವರೆಗೂ."

ಆಮೇಲೆ ಟ್ಯಾಂಕಿನ ಕಥೆ. ಹದಿನೇಳನೇ ಇಸವಿಯ ಮಹಾಯುದ್ಧ, ಕಾಂಬ್ರೇ ರಣರಂಗ. ಮುಳ್ಳುತಂತಿಯನ್ನು ಟ್ಯಾಂಕು ಹಪ್ಪಳದಂತೆ ಮೆಟ್ಟಿಕೊಂಡು ಹೋಯಿತು, ಹಿಂದೆ ಇವನು ನಡೆದ. ಅದಕ್ಕೂ ಮುಂಚೆ ಟ್ಯಾಂಕಿಲ್ಲದೆ ನುಗ್ಗಿದ ಇವನ ಜೊತೆಗಾರರೆಲ್ಲ ತಂತಿಯ ಮೇಲೇ ಒಣಗಿದರು. ಎಲ್ಲರೂ ಹುಚ್ಚು ಎಂದಾಗ ಟ್ಯಾಂಕು ಮಾಡಿಸಲು ಹಟ ಹಿಡಿದವನು ಚರ್ಚಿಲ್ ಎನ್ನುತ್ತಾನೆ. ನೂರು ಸಲ ಕೇಳಿದ್ದೇನೆ.

"ಟ್ಯಾಂಕು ಮಾಡಿದ್ದು ಕಮ್ಮಾರರು, ಇಂಜಿನಿಯರುಗಳು. ಅವನು ಸಿಗಾರು ಸೇದ್ದ" ಎಂದೆ.

ತಟ್ಟೆ ಕೆಳಗಿಟ್ಟ. ಕೂಗಲಿಲ್ಲ. "ಬಾವುಟ ಇಳೀದಿದ್ರೆ ನಾನು ಕಾವೆಂಟ್ರಿಗೆ ಹೋಗ್ತೀನಿ, ಮಗಳ ಮನೆಗೆ. ಮತ್ತೆ ಬರಲ್ಲ. ಆ ಟ್ಯಾಂಕು ಇಲ್ದಿದ್ರೆ ನಾನಿಲ್ಲ ಅಂತ ನಿನಗೆ ಗೊತ್ತು. ಗೊತ್ತಿದ್ದೂ ನಗ್ತೀಯ."

ಹೋಗು ಎಂದೆ. ಬಾಯಿಗೆ ಬಂದದ್ದು ಅದು.

೩೦ ಜನವರಿ, ಶನಿವಾರ

ಇವತ್ತು ಅರ್ಧ ಪುಟ ಸಾಲದು.

ಬೆಳಿಗ್ಗೆ ಗಾರ್ಮನ್ ಕಪ್ಪು ಟೈ ಕಟ್ಟಿ, ಪದಕ ಹಾಕಿಕೊಂಡು ಭವನಕ್ಕೆ ಹೋದ. ಅಲ್ಲಿ ಟೀವಿಯಲ್ಲಿ ಮೆರವಣಿಗೆ. ಹೋಗುವ ಮುಂಚೆ ಬೀದಿ ಕಡೆಯ ಕೋಣೆಯ ಪರದೆ ಎಳೆದಿದ್ದ. ನನಗೆ ಗೊತ್ತಿರಲಿಲ್ಲ, ಹಿಂದಿನ ಅಡಿಗೆಮನೆಯಲ್ಲಿ ಬೆಂಕಿಯ ಮುಂದೆ ಇದ್ದೆ. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಪರದೆ ಎಳೆಯುವುದು ಹೆಣ ಇರುವ ಮನೆಯವರು.

ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಮಾರ್ವೆನ್ ಬಂದಳು. ಕೈಯಲ್ಲಿ ಬೇಯಿಸಿದ ಹಂದಿ ತೊಡೆ, ಸಾವಿನ ಮನೆಗೆ ಕೊಡುವಂಥದ್ದು. ನನ್ನನ್ನು ನೋಡಿ ಬಾಗಿಲಲ್ಲೇ ಕಂಬವಾದಳು.

"ಎಮ್ಲಿನ್ ಮಾವ... ನೀವು ಹೋಗಿಲ್ವಾ?"

"ಎಲ್ಲಿಗೆ?"

"ಪರದೆ ಎಳೆದಿತ್ತು. ಗಾರ್ಮನ್ ಮಾವ ಕಪ್ಪು ಟೈ ಕಟ್ಕೊಂಡು ಅಳ್ತಾ ಹೋದ್ರು. ನೀವು ತೀರ್ಕೊಂಡ್ರಿ ಅಂತ ನಾನು ಟೆಗ್ವಿನ್‌ಗೆ ಹೇಳ್ಬಿಟ್ಟೆ."

ಟೆಗ್ವಿನ್ ಭವನದ ಕಾವಲುಗಾರ. ಅಧ್ಯಕ್ಷ ಸತ್ತರೆ ಬಾವುಟ ಅರ್ಧಕ್ಕೆ. ಕಟ್ಟಳೆ.

"ತೊಡೆ ಇಟ್ಟು ಹೋಗು. ತಿನ್ನೋಕೆ ಅಡ್ಡಿಯಿಲ್ಲ" ಎಂದೆ.

ಕೋಲು ಹಿಡಿದು ಏರು ಹತ್ತಿದೆ. ಬಾವುಟ ಅರ್ಧಕ್ಕೆ ಇಳಿದಿತ್ತು. ಕೆಳಗೆ ಗಾರ್ಮನ್, ಸೆಟೆದು ನಿಂತು ಸೆಲ್ಯೂಟ್ ಹೊಡೆದಿದ್ದಾನೆ. ಟೆಗ್ವಿನ್ ಅವನ ಭುಜ ಹಿಡಿದು, "ದೊಡ್ಡ ಮನುಷ್ಯ, ಬಾಯಿ ಮಾತ್ರ ಕೆಟ್ಟದು" ಎನ್ನುತ್ತಿದ್ದ. ಗಾರ್ಮನ್, "ಆ ಬಾಯೇ ನಮ್ಮನ್ನ ಉಳಿಸಿದ್ದು" ಎಂದ.

ಟೆಗ್ವಿನ್ ನನ್ನನ್ನು ಕಂಡು ಬಿಳಿಚಿಕೊಂಡ. ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಏರಿಸು ಎನ್ನಲು ಬಂದವನು ತಿರುಗಿ ಮನೆಗೆ ಬಂದೆ.

ಸಂಜೆ ಗಾರ್ಮನ್ ನನ್ನ ತಟ್ಟೆಗೆ ಮೊದಲು ಬಡಿಸಿದ. "ನೀನು ಇಳಿಸ್ತೀಯ ಅಂತ ಅಂದ್ಕೊಂಡಿರ್ಲಿಲ್ಲ ಭಾವ." ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ನಾನು ತಿಂದೆ.

೩ ಫೆಬ್ರವರಿ, ಬುಧವಾರ

ಸಮಿತಿ. ಸಮಿತಿಯ ಹಾಪ್ಕಿನ್ ನಿಂತೇ ಶುರು ಮಾಡಿದ. ಕುರ್ಚಿಯಲ್ಲೂ ಕೂರಲಿಲ್ಲ.

"ಹತ್ತನೇ ಇಸವಿ ಮುಷ್ಕರದಲ್ಲಿ ಪೊಲೀಸರ ಲಾಠಿಗೆ ನಮ್ಮಪ್ಪನ ತಲೆ ಒಡೀತು. ಅವತ್ತು ಲಂಡನ್ನಿಂದ ಪೊಲೀಸರನ್ನ, ಸಿಪಾಯಿಗಳನ್ನ ಕಳ್ಸಿದ ಆ ಚರ್ಚಿಲ್‌ಗೆ ಇಲ್ಲಿ ಬಾವುಟ ಇಳೀತು. ಯಾರ ಅಪ್ಪಣೆ?"

ಟೆಗ್ವಿನ್ ಬಾಯಿ ತೆರೆದ. ಹಿಂದಿನ ಸಾಲಿನಲ್ಲಿ ಗಾರ್ಮನ್ ಕೂತಿದ್ದ. ಇದ್ದದ್ದು ಹೇಳಿದರೆ ಎಲ್ಲರೂ ನಗುತ್ತಿದ್ದರು, ಸಂಗತಿ ಮುಗಿಯುತ್ತಿತ್ತು. ಆದರೆ ಗಾರ್ಮನ್ ನಾಳೆಯೇ ರೈಲು ಹತ್ತುತ್ತಿದ್ದ.

"ನನ್ನದೇ" ಎಂದೆ.

"ನಿಂದಾ? ಎಣ್ಣೆ ಅಂದ್ರೆ ಉಗೀತಿದ್ದ ನಿಂದಾ?"

"ಕಿವಿ ಕೇಳಲ್ವಾ ನಿನಗೆ?"

ಕೈ ಎತ್ತಿಸಿದರು. ಅಧ್ಯಕ್ಷಗಿರಿ ಹೋಯಿತು. ಹಾಪ್ಕಿನ್ ಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತ. ಅವನ ಜೊತೆ ಗಣಿಯಲ್ಲಿ ಒಂದೇ ಡಬ್ಬಿಯ ಬ್ರೆಡ್ಡು ತಿಂದವನು ನಾನು.

೭ ಫೆಬ್ರವರಿ, ಭಾನುವಾರ

ಚಾಪೆಲ್‌ನ ಪ್ರಾರ್ಥನೆ ಬಿಟ್ಟ ಮೇಲೆ ಮಾರ್ವೆನ್ ನಗುತ್ತಾ ಎಲ್ಲ ಹೇಳಿಬಿಟ್ಟಳಂತೆ ಗಾರ್ಮನ್‌ಗೆ. ಪರದೆ, ಹಂದಿ ತೊಡೆ, ಬಾವುಟ.

ಅವನು ಬಂದು ಕೋಟೂ ತೆಗೆಯಲಿಲ್ಲ.

"ಬದುಕಿರೋ ನಿನಗೆ ಇಳಿಸಿದ ಬಾವುಟಕ್ಕೆ ನಾನು ಸೆಲ್ಯೂಟ್ ಹೊಡೆದೆ. ನೀನು ನೋಡ್ತಾ ನಿಂತೆ."

"ನಿಂತಿರ್ಲಿಲ್ಲ. ವಾಪಸ್ ಬಂದೆ."

"ಇನ್ನೂ ಚೆನ್ನಾಯ್ತು."

ಹೇಳಬೇಕಾದ್ದು ಬೇರೆ. ಬಂದದ್ದು, "ಬಾಗಿಲು ಹಾಕ್ಕೊಂಡು ಹೋಗು, ಚಳಿ" ಅಂತ.

೧೪ ಫೆಬ್ರವರಿ, ಭಾನುವಾರ

ವಾರವಿಡೀ ಬರೆಯಲಿಲ್ಲ. ಡಾಕ್ಟರ್ ಬೈದ. ಗಾರ್ಮನ್ ಕಾವೆಂಟ್ರಿಗೆ ಹೋದಂದಿನಿಂದ ಬ್ರೆಡ್ಡು, ಚೀಸು ತಿಂದಿದ್ದೇನೆ. ಸೂಪು ಮಾಡಲು ಹೋಗಿ ಪಾತ್ರೆ ಸುಟ್ಟಿತು.

ಅವನಿಗೆ ಕಾಗದ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಅಂಚೆಗೆ ಹಾಕುವುದನ್ನು ನಾಳೆ ನಕಲು ಮಾಡಿದರಾಯಿತು.

ಗಾರ್ಮನ್, ಚರ್ಚಿಲ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಎಣ್ಣೆ ನಮ್ಮನ್ನು ತಿಂದಿತು. ಟ್ಯಾಂಕು ನಿನ್ನನ್ನು ಉಳಿಸಿತು, ಅದಕ್ಕೆ ನಾನು ನಗಬಾರದಿತ್ತು. ಇಳಿಸು ಎಂದು ನಾನು ಹೇಳಿರಲಿಲ್ಲ. ಏರಿಸು ಎನ್ನಲು ಹೋದವನು ಹೇಳದೆ ಬಂದೆ. ಬಾವುಟ ಹಾಗೇ ಬಿಟ್ಟದ್ದು ಅವನಿಗಲ್ಲ, ನನಗೂ ಅಲ್ಲ. ನಿನಗೆ. ಬರುತ್ತೀಯೋ ಇಲ್ಲವೋ ಅಷ್ಟು ಹೇಳು, ಪುರಾಣ ಬೇಡ. ಶನಿವಾರ ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬೇಕು.