ಕೂಲರಿನ ತಳದ ಪೊರೆ

ಅಕ್ಕಾ,

ಪಕ್ಕದ ಮೇಜಿನವನು ಪತ್ರ ಬರೆದನೆಂದು ನಗಬೇಡಿ. ಯಜಮಾನರು ನನಗೆ ‘ಮೂಗ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎದುರಿಗೆ ನಿಂತರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ನಾಲ್ಕನೇ ತರಗತಿಯ ಅಕ್ಷರ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದ ದಿನದಿಂದಲೂ ನಿಮ್ಮನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆರು ವರ್ಷದಿಂದ ನಾನು ಕಂಪ್ಯೂಟರ್ ಡಬ್ಬದ ಬೆನ್ನಿಗೆ ಅಂಗೈ ಇಟ್ಟೇ ಬಿಸಿ ಎಲ್ಲಿಂದ ಬರುತ್ತಿದೆ ಎಂದು ಹೇಳುತ್ತಿದ್ದೆ. ನೀವು ಬಂದು ಬಿಸಿ ಎಷ್ಟು ಡಿಗ್ರಿ ಎಂದು ಪರದೆಯ ಮೇಲೆ ತೋರಿಸಿದಿರಿ. ಅಲ್ಲಿಗೆ ನನ್ನ ಅಂಗೈಯನ್ನು ಕೇಳುವವರಿಲ್ಲವಾಯಿತು. ಯಜಮಾನರು ನಿಮ್ಮನ್ನು ‘ಅಮ್ಮಾ’ ಎಂದು ಕರೆದಾಗ ನನಗೆ ಉರಿಯುತ್ತಿತ್ತು. ನಿಮ್ಮ ಕುರ್ಚಿಗೆ ದಿಂಬು ಬಂದಾಗಲೂ ಉರಿಯಿತು. ನೀವು ಸ್ಕ್ರೂಗಳನ್ನು ಅಳತೆ ನೋಡಿ ಬಾಟಲಿ ಮುಚ್ಚಳಗಳಲ್ಲಿ ಜೋಡಿಸಿದಿರಲ್ಲ, ಅದನ್ನೂ ಸಹಿಸಲಾಗಲಿಲ್ಲ. ಅವನ್ನು ಕಲಸಿಟ್ಟದ್ದು ನೀವಂದುಕೊಂಡ ಹಾಗೆ ಬೆಕ್ಕಲ್ಲ, ನಾನು.

ಆಗ ಮನೆ ನಕ್ಷೆ ಬರೆಯುವವರ ಕಂಪ್ಯೂಟರ್ ಬಂತು. ದೊಡ್ಡ ನಕ್ಷೆ ತೆರೆದ ಹತ್ತೇ ನಿಮಿಷಕ್ಕೆ ಕಾದು ತಾನಾಗಿ ಆರಿಹೋಗುತ್ತಿತ್ತು. ಹಿಂದಿನ ತಿಂಗಳು ಅದರ ಚಿಪ್ಪಿನ ಮೇಲೆ ಬಿಸಿ ಹೀರುವ ಹೊಸ ಕೂಲರ್ ಕೂರಿಸಿದವನು ನಾನು. ಆದರೂ ಯಜಮಾನರು ಅದನ್ನು ನಿಮ್ಮ ಮುಂದಿಟ್ಟರು. ನೀವು ಧೂಳು ಊದಿದಿರಿ, ಫ್ಯಾನ್ ಬದಲಿಸಿದಿರಿ. ಮತ್ತೆ ಆರಿತು. “ಏನಮ್ಮಾ, ನಿನ್ನ ಡಿಪ್ಲೊಮಾನ ನೀರಲ್ಲಿ ಅದ್ದಿ ಮೇಲಿಟ್ರೆ ತಣ್ಣಗಾಗುತ್ತಾ?” ಎಂದು ಯಜಮಾನರು ಕೇಳಿದಾಗ ನಾನು ಬೆನ್ನು ತಿರುಗಿಸಿಕೊಂಡು ನಕ್ಕೆ. ಅಂದು ಎರಡು ಲೋಟ ಚಹಾ ಕುಡಿದೆ.

ಮೂರನೆಯ ದಿನ ನೀವು ಕೂಲರನ್ನೇ ಎತ್ತಿದಿರಿ. ಅದರ ತಳದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಹಾಗೇ ಇತ್ತು. ಬಿಸಿ ಮೇಲಕ್ಕೆ ದಾಟದಂತೆ ಅದೇ ಅಡ್ಡ ಕೂತಿತ್ತು. ಹಳೆಯ ಕೂಲರುಗಳ ಪೊರೆ ನೀಲಿ. ಬಣ್ಣ ನೋಡಿ ಕೀಳುತ್ತಿದ್ದೆ. ಇದಕ್ಕೆ ಬಣ್ಣವೇ ಇರಲಿಲ್ಲ. ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು, ‘ಕಿತ್ತುಹಾಕಿ’ ಎಂದೇ ಇರಬೇಕು.

ನೀವು ನನ್ನ ಮುಖವನ್ನೊಮ್ಮೆ ನೋಡಿ ಪೊರೆಯನ್ನು ಮುಷ್ಟಿಯೊಳಗೆ ಮುದುರಿಕೊಂಡಿರಿ. “ಏನಾಗಿತ್ತಮ್ಮಾ?” ಎಂದರು ಯಜಮಾನರು. “ಕೂಲರ್ ಕೆಳಗೆ ಹಚ್ಚೋ ಪೇಸ್ಟ್ ಒಣಗಿತ್ತು ಸಾರ್, ಅಷ್ಟೇ” ಎಂದಿರಿ.

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ನನಗೆ ಮೈಯೆಲ್ಲ ಬೆಂಕಿ ಬಿತ್ತು. ನೀವು ಜಾಣೆ ಎಂಬುದನ್ನು ಹೇಗೋ ನುಂಗಿಕೊಂಡಿದ್ದೆ. ಒಳ್ಳೆಯವರೂ ಆಗಿಬಿಟ್ಟರೆ ನನ್ನ ಪಾಲಿಗೆ ಇನ್ನೇನು ಉಳಿಯಿತು?

ನಮ್ಮ ಅಂಗಡಿಯ ನಿಯಮ ನಿಮಗೂ ಗೊತ್ತು: ತಪ್ಪು ಮಾಡಿದವರಿಗೆ ಬೈಗುಳ, ಮುಚ್ಚಿಟ್ಟವರಿಗೆ ಬಾಗಿಲು. ನಿಜ ಹೇಳಿದರೆ ನನಗೆ ನಾಲ್ಕು ಬೈಗುಳ ಸಿಗುತ್ತದೆ, ಅಂಗಡಿ ಬಿಟ್ಟು ಹೋಗುವವರು ನೀವು. ಆ ಲೆಕ್ಕವನ್ನು ಎರಡು ದಿನ ಬಾಯಲ್ಲಿಟ್ಟು ಚಪ್ಪರಿಸಿದೆ. ನಿಮ್ಮ ಖಾಲಿ ಕುರ್ಚಿಯ ಮೇಲೆ, ಆ ದಿಂಬಿನ ಮೇಲೆ, ನಾನು ಕೂತ ಹಾಗೆ ಕಂಡಿತು.

ಇಂದು ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಯಜಮಾನರ ಮೇಜಿನ ಮುಂದೆ ನಿಂತೆ. “ಏನೋ ಮೂಗ, ಬಾಯಿ ಬಂತಾ?” ಎಂದರು. ನಿಮ್ಮ ಮೇಲೆ ಚಾಡಿ ಹೇಳಲೆಂದೇ ಹೋದವನು. “ಆ ನಕ್ಷೆಯವರ ಕೂಲರ್ ತಳದ ಪೊರೆ ಕೀಳದೆ ಬಿಟ್ಟದ್ದು ನಾನೇ. ಅಕ್ಕನ ಕಣ್ಣಿಗೆ ಬೀಳೋಕೆ ಮುಂಚೆ ಎತ್ತಿ ಮುಚ್ಚಿಟ್ಟದ್ದೂ ನಾನೇ” ಎಂದುಬಿಟ್ಟೆ. ಅರ್ಧ ನಿಜ, ಅರ್ಧ ಸುಳ್ಳು. ಯಾಕೆ ಹಾಗೆಂದೆ ಎಂದು ದೇವರಾಣೆ ನನಗೆ ಗೊತ್ತಿಲ್ಲ. ಅವರು, “ಒಂದು ತಿಂಗಳು ಈ ಕಡೆ ತಲೆ ಹಾಕಬೇಡ. ಆಮೇಲೆ ನೋಡೋಣ” ಎಂದರು.

ನಿಮ್ಮ ಮೇಲೆ ಮನಸ್ಸು ತಿಳಿಯಾಯಿತು ಎಂದುಕೊಳ್ಳಬೇಡಿ. ಈ ತಿಂಗಳು ನನ್ನ ಮೇಜಿನ ಕೆಲಸವೂ ನಿಮಗೇ ಬರುತ್ತದಲ್ಲ, ಅದನ್ನು ನೆನೆದರೆ ಈಗಲೂ ಉರಿಯುತ್ತದೆ. ಒಂದೇ ಬೇಡಿಕೆ. ಯಜಮಾನರ ಬಳಿ ಹೋಗಿ ನಿಜ ಹೇಳಿ ನನ್ನನ್ನು ಕಾಪಾಡಬೇಡಿ. ಇನ್ನೊಬ್ಬರ ಒಳ್ಳೆಯತನ ಹೊರುವುದು ಎಷ್ಟು ಭಾರ ಎಂದು ನೀವೂ ಒಂದು ತಿಂಗಳು ನೋಡಿ. ಇದೊಂದರಲ್ಲಾದರೂ ನಾನು ಗೆಲ್ಲಲಿ.

ನಿಮ್ಮ ಕೈ ಮುಟ್ಟಿದ ಯಂತ್ರಗಳೆಲ್ಲ ತಣ್ಣಗಿರಲಿ, ನೀವೂ ತಣ್ಣಗಿರಿ.

ಇಂತಿ,
ಸದ್ಯಕ್ಕೆ ಮೇಜಿಲ್ಲದ
ಮೂಗ