ಗುಡಾಣಕ್ಕೆ ಹುಷಾರಿಲ್ಲ

ಬಣ್ಣದ ಮನೆಯಿಂದ,
ಸೋಮವಾರ, ಹನ್ನೆರಡನೇ ತಾರೀಖು

ಅಕ್ಕರೆಯ ಅತ್ತೆಮ್ಮನಿಗೆ ನಿಮ್ಮ ಸೊಸೆಯ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಬಾಣಂತಿ ನಾದಿನಿ, ಕೂಸು ಇಬ್ಬರೂ ಸೌಖ್ಯವೇ? ಕೂಸಿನ ಮೂಗು ನಿಮ್ಮದೇ ಅಂತೆ, ಖುಷಿಯಾಯಿತು. ಕೋಪ ಮಾತ್ರ ನಿಮ್ಮದು ಬಾರದಿರಲಿ! ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ನನ್ನ ನಾಲಿಗೆ ಏಳುವುದಿಲ್ಲ, ಅದಕ್ಕೇ ಕಾಗದ.

ಇಲ್ಲಿ ನಮ್ಮ ನೀಲಿಬಣ್ಣದ ಗುಡಾಣಕ್ಕೆ ಹುಷಾರಿಲ್ಲ ಅತ್ತೆಮ್ಮ. ನಿಮ್ಮ ಅತ್ತೆ ನಿಮಗೆ ಒಪ್ಪಿಸಿದ, ಮೂವತ್ತೆಂಟು ವರ್ಷ ನೀವು ದಿನಾ ತೌಡು, ಸುಣ್ಣ ಉಣಿಸಿ ಮೊಸರಿನ ಹೆಪ್ಪಿನ ಹಾಗೆ ಕಾಪಾಡಿಕೊಂಡು ಬಂದ ನೀಲಿ, ಈಗ ಬಟ್ಟೆ ಅದ್ದಿದರೆ ಕೊಳೆನೀರಿನ ಬಣ್ಣ ಹಿಡಿಸುತ್ತಿದೆ. ಮುಂದಿನ ಗುರುವಾರ ವಿದೇಶದ ಕಂಪನಿಯವರು ಬರುತ್ತಾರೆ. ಎರಡು ಸಾವಿರ ಮೇಜುಬಟ್ಟೆ ಬೇಕಂತೆ, ಅದೂ ಹಳೆಯ ಗುಡಾಣದ ನೀಲಿಯೇ ಆಗಬೇಕಂತೆ. ಓಣಿಯಲ್ಲಿ ಉಳಿದವರೆಲ್ಲ ಪೊಟ್ಟಣದ ಬಣ್ಣ ಸುರಿದು ಮಧ್ಯಾಹ್ನಕ್ಕೇ ಕೈ ತೊಳೆದುಕೊಳ್ಳುತ್ತಾರೆ. ಗುಡಾಣ ಅಂತ ಇರುವುದು ನಮ್ಮದೊಂದೇ. ದಲ್ಲಾಳಿ ಫೋನಿಗೆ ಪಟ್ಟಿ ಕಳಿಸಿದ್ದ: ನೆಲ ಒಣಗಿರಬೇಕು, ಕೆಟ್ಟ ವಾಸನೆ ಇರಬಾರದು, ಕೈಗೆ ಗವಸು ಬೇಕು. “ಬಂದೋರು ಮೂಗು ಹಿಡ್ಕೊಂಡ್ರೆ ಆರ್ಡರ್ ಹೋಯ್ತು ಅಂತ ತಿಳ್ಕೊಳ್ಳಿ” ಅಂದ. ಗವಸು ಹಾಕಿ ಹಾಕಿ, ಮದುವೆಯಾದಾಗಿನಿಂದ ಮೊದಲ ಸಲ ನನ್ನ ಉಗುರು ಬೆಳ್ಳಗಾಗಿವೆ. ನೋಡಿದರೆ ಯಾರದೋ ಕೈ ಅನ್ನಿಸಿ ಭಯವಾಗುತ್ತದೆ.

ನಿಮ್ಮ ಮಗ ಊಟ ಬಿಟ್ಟಿದ್ದಾರೆ. ಬಟ್ಟೆ ತರಲು ಎರಡು ದಿನ ಹೋಗಿದ್ದರಲ್ಲ, ಹೊರಡುವ ಮುಂಚೆ ಸರಿಯಾಗಿ ತೌಡು ಹಾಕದ್ದಕ್ಕೇ ಹೀಗಾಯಿತು ಎಂದು ತಲೆ ಚಚ್ಚಿಕೊಳ್ಳುತ್ತಾರೆ. ದಿನಕ್ಕೆ ಹತ್ತು ಸಲ ಬಗ್ಗಿ ಮೂಸುತ್ತಾರೆ. “ಅಮ್ಮನ ಮುಖ ಹೇಗೆ ನೋಡ್ಲಿ, ಅವಳ ಗುಡಾಣ ಕೊಂದ್ಬಿಟ್ನಲ್ಲೇ” ಎಂದು ನಿನ್ನೆ ಮಗುವಿನ ಹಾಗೆ ಅತ್ತರು.

ನಾದಿನಿ ಭಾರ ಎತ್ತದಿರಲಿ. ಕೂಸಿಗೆ ಈ ಅತ್ತೆಯದೊಂದು ಮುತ್ತು.

ನಿಮ್ಮ ಬೈಗುಳಕ್ಕೆ ಸದಾ ಬಾಧ್ಯಳಾದ,
ಗಡಿಬಿಡಿ ಸೊಸೆ

ಅಂಚೆಯ ಹೊತ್ತಾಯಿತು, ಹೇಳಿಬಿಡುತ್ತೇನೆ. ಅವರು ಕೊಂದಿಲ್ಲ, ನಾನು ಕೊಂದೆ. ಅವರು ಇಲ್ಲದಾಗ, ವಾಸನೆ ಹೋಗಲೆಂದು ಗುಡಾಣವನ್ನು ಮೊಗೆದು ಚೆಲ್ಲಿ, ತಳದ ಗಸಿಯನ್ನೂ ಬಿಡದೆ ಸೋಪಿನಪುಡಿ ಹಾಕಿ ತಿಕ್ಕಿದೆ. ಚರಂಡಿ ತುಂಬ ನೀಲಿ. ಎದುರುಮನೆ ಕ್ಷೌರಿಕ “ಏನಮ್ಮಾ, ಆಕಾಶ ತೊಳೀತಿದ್ದೀಯಾ?” ಅಂದಾಗ ಹಲ್ಲು ಕಿರಿದೆ ಕೂಡ, ಪಾಪಿ ನಾನು. ಆಮೇಲೆ ನೀರು, ತೌಡು, ಸುಣ್ಣ, ಹೊಸ ನೀಲಿ ಎಲ್ಲ ನಿಮ್ಮ ಅಳತೆಯಲ್ಲೇ ಹಾಕಿದೆ, ಹೆಪ್ಪೇ ತೊಳೆದುಹೋಗಿತ್ತಲ್ಲ, ಏಳಲಿಲ್ಲ. ಇವತ್ತು ಅವರಿಗೆ ಹೇಳುತ್ತೇನೆ, ಅದು ನನ್ನ ಪಾಡು. ಆದರೆ ಗುಡಾಣವನ್ನು ಮೊದಲಿನಿಂದ ಎಬ್ಬಿಸುವುದು ಹೇಗೆ ಅತ್ತೆಮ್ಮ? ಈಗ ಹೊಳೆಯಿತು: ನೀವೂ ಎಬ್ಬಿಸಿದವರಲ್ಲ. ನಿಮ್ಮ ಕೈಗೂ ಅದು ಜೀವ ಇದ್ದೇ ಬಂದಿತ್ತು. ಗೊತ್ತಿರುವವರು ಯಾರಾದರೂ ಉಳಿದಿದ್ದಾರೆಯೇ?