ಗುರುವಾರ ಫೋನು ಮಾಡುವವಳು ನಾನಲ್ಲ

ಕೆಟ್ಟ ಹೊಲಿಗೆ ಯಂತ್ರಗಳ ಪ್ರಾಣದಾತೆ, ರಿಪೇರಿ ಅಂಗಡಿಯ ಏಕೈಕ ಒಡತಿ, ನನ್ನಪ್ಪನ ಅಕ್ಕ, ಪೂಜ್ಯ ಅತ್ತೆಯವರ ಪಾದಗಳಿಗೆ (ಒಂದು ಪೆಡಲಿನ ಮೇಲಿದ್ದರೆ ಇನ್ನೊಂದಕ್ಕೆ ಮಾತ್ರ) ನಿಮ್ಮ ಕಪಿಯ ಸಾಷ್ಟಾಂಗ ನಮಸ್ಕಾರ.

ಇದು ತಮಾಷೆಯಲ್ಲ. ಈ ಮಾತು ಓದಿದ ಕೂಡಲೇ ನಿಮ್ಮ ಹೊಟ್ಟೆ ಕುಲುಕಾಡಲು ಶುರುವಾಗಿರುತ್ತದೆ ಅಂತ ಗೊತ್ತು. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಮೊನ್ನೆ ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ನಿನ್ನೆ ಹೇಳಿದರೆ ಯಂತ್ರದ ಬೆಲ್ಟು ಕೊಳ್ಳಲು ಬಂದಿದ್ದ ದರ್ಜಿಯನ್ನು ಕರೆದು, ‘ಕೇಳಿದ್ಯೇನಪ್ಪಾ, ನಮ್ಮ ಕಪಿ ಸಮುದ್ರ ಹಾರುತ್ತಂತೆ’ ಅಂದಿರಿ. ಅದಕ್ಕೇ ಬರೆದು ನಿಮ್ಮ ಯಂತ್ರದ ಸೂಜಿಯ ಕೆಳಗೆ ಸಿಕ್ಕಿಸಿದ್ದೇನೆ. ಇದನ್ನು ತೆಗೆಯದೆ ಒಂದು ಹೊಲಿಗೆಯೂ ಬೀಳದು.

ಸಮುದ್ರದಾಚೆಯ ಆ ಹೆಂಗಸರ ಹೊಲಿಗೆ ಕೇಂದ್ರ ನಿಜವಾಗಿಯೂ ಇದೆ, ಅತ್ತೆ. ಯಾರೋ ದಾನ ಕೊಟ್ಟ ಯಂತ್ರಗಳು ಕೆಟ್ಟು ಗೋಡೆಗೊರಗಿ ಕೂತಿವೆ. ಬಿಚ್ಚಿ ಜೋಡಿಸುವುದನ್ನು ಅವರಿಗೆ ಕಲಿಸಲು ಸ್ವಯಂಸೇವಕಿ ಬೇಕಂತೆ. ಸಂಬಳವಿಲ್ಲ, ಊಟ, ವಸತಿ, ಎರಡು ವರ್ಷ. ಅಲ್ಲಿಗೆ ಜನ ಕಳಿಸುವ ಇಲ್ಲಿನ ಕಚೇರಿಗೆ ಅರ್ಜಿ ಹಾಕಿದೆ. ಕೆಲಸ ಕಲಿಸಿದವರ ನಂಬರು ಕೇಳಿದರು, ಅಂಗಡಿಯದು ಕೊಟ್ಟೆ. ಫೋನು ಬರುತ್ತದೆ ಅಂತ ಮೊದಲೇ ಹೇಳಿಯೂ ಇದ್ದೆ. ‘ಹೂಂ, ಬರಲಿ ಬರಲಿ’ ಅಂತ ನೀವು ಬಾಬಿನ್ನಿಗೆ ದಾರ ಸುತ್ತುತ್ತಲೇ ಇದ್ದಿರಿ.

ಆ ಫೋನಿನ ದನಿ ನನ್ನದೇ ಅಂತ ನಿಮಗೆ ಅನುಮಾನ ಬರಬಾರದು ಅಂತ ನಾನೆಲ್ಲಿ ಹೇಳಿದೆ? ಸರ್ಕಸ್ ಮ್ಯಾನೇಜರನ ದನಿಯಲ್ಲಿ ಆನೆಗೆ ಚಡ್ಡಿ ಹೊಲಿಯುವ ಯಂತ್ರ ಕೇಳಿದವಳು ನಾನೇ. ‘ತಂತಿಯೊಳಗಿನ ಧೂಳು ಊದ್ತೀವಿ, ರಿಸೀವರಿಗೆ ಚೀಲ ಕಟ್ಟಿ’ ಅಂದ ಟೆಲಿಫೋನ್ ಕಚೇರಿಯವಳೂ ನಾನೇ. ನೀವು ಕಟ್ಟಿದಿರಿ, ಅದು ನನ್ನ ಬಾಳಿನ ಅತ್ಯುನ್ನತ ಸಾಧನೆ. ಆದರೆ ಅದರ ಸೇಡನ್ನು ಪಾಪ, ನೆಗಡಿಯಲ್ಲೇ ಫೋನು ಮಾಡಿದ ಆ ಕಚೇರಿಯ ಅಧಿಕಾರಿಣಿಯ ಮೇಲೆ ತೀರಿಸಿಕೊಳ್ಳುವುದೇ?

ಇವತ್ತು ನನ್ನನ್ನು ತಮ್ಮ ಕಚೇರಿಗೆ ಕರೆಸಿ, ಮೂಗು ಒರೆಸಿಕೊಳ್ಳುತ್ತಾ, ನಿಮ್ಮ ಉತ್ತರಗಳನ್ನು ಅವರು ಒಂದೊಂದಾಗಿ ಓದಿ ಹೇಳಿದರು. ನಂಬಿಕಸ್ಥಳೇ? ‘ಉಪ್ಪಿನ ಡಬ್ಬಿ ಕಾಯೋಕೆ ಬಿಟ್ರೆ ಸಕ್ಕರೆ ತುಂಬಿ ಇಡ್ತಾಳೆ.’ ಕೆಲಸದಲ್ಲಿ ಚುರುಕೇ? ‘ಆಮೆ ಬಂದು ಬೈದು ಹೋಗುತ್ತೆ.’ ಹೊರದೇಶಕ್ಕೆ ಯಾಕೆ ಹೊರಟಿರಬಹುದು? ‘ಇಲ್ಲಿ ಮೋಸ ಹೋಗೋರು ಖಾಲಿಯಾದ್ರು, ಹೊಸ ಜನ ಬೇಕಲ್ಲ.’ ಇಷ್ಟು ಸಾಲದೆಂಬಂತೆ, ‘ಏ ಕಪಿ, ಮೂಗಲ್ಲಿ ಮಾತಾಡೋದು ಬಿಡೇ, ಸಾಕು’ ಅಂತ ಅವರಿಗೇ ಗದರಿದಿರಂತೆ. ಆ ತಾಯಿ ಇದನ್ನೆಲ್ಲ ಓದುವಾಗ ಒಮ್ಮೆಯೂ ನಗಲಿಲ್ಲ. ನಾನು ಕುರ್ಚಿಯ ತುದಿಯಲ್ಲಿ ಕೂತು, ತಲೆ ಚಚ್ಚಿಕೊಳ್ಳಲು ಗೋಡೆ ಎಷ್ಟು ದೂರವಿದೆ ಅಂತ ನೋಡುತ್ತಿದ್ದೆ.

ಫೋನಿನಲ್ಲಿರುವುದು ನಾನೇ ಎಂದುಕೊಂಡು ನೀವು ಹೀಗೆ ಆಡಿದಿರಿ ಅಂತ ವಿವರಿಸಿ, ಕೈಮುಗಿದು ಏಳುವಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ‘ಕಡೇದೊಂದು ಪ್ರಶ್ನೆ ಇತ್ತಮ್ಮ. ಎರಡು ವರ್ಷ ಅವಳನ್ನ ಬಿಟ್ಟಿರೋಕೆ ಆಗುತ್ತಾ ಅಂತ ಕೇಳ್ದೆ. ಅವರ ದನಿಯೇ ಬದಲಾಯ್ತು. ಮೆಲ್ಲಗೆ ಆಗಲ್ಲ ಅಂದ್ರು, ಇಟ್ಬಿಟ್ರು.’

ದಾರಿಯುದ್ದಕ್ಕೂ ಯೋಚಿಸಿದೆ, ಅತ್ತೆ. ಅವರು ಫೋನು ಮಾಡಿದ ಬೆಳಿಗ್ಗೆ, ಮೊನ್ನೆಗೂ ಮುಂಚೆ, ನಾನು ಎಣ್ಣೆ ಡಬ್ಬಿ ಹಿಡಿದು ಒಳಗೆ ಬಂದಾಗ ನಿಮ್ಮ ಕಿವಿಯಲ್ಲಿ ಫೋನಿತ್ತು. ನನ್ನನ್ನು ದೆವ್ವ ಕಂಡ ಹಾಗೆ ನೋಡಿದಿರಿ. ಏನೋ ಗೊಣಗಿ ಇಟ್ಟಿರಿ. ಯಾರತ್ತೆ ಅಂದರೆ ‘ರಾಂಗ್ ನಂಬರ್’ ಅಂದು, ಆಗಲೇ ಒರೆಸಿ ಫಳಫಳ ಅನ್ನುತ್ತಿದ್ದ ಯಂತ್ರವನ್ನು ಮತ್ತೆ ಒರೆಸಲು ಕೂತಿರಿ. ಎದುರಿಗೆ ನಿಂತವಳು ಫೋನಿನೊಳಗೆ ಹೇಗಿರುತ್ತಾಳೆ? ಅಂದರೆ ನಿಮಗೆ ಆಗಲೇ ಗೊತ್ತಾಗಿತ್ತು. ಮೊನ್ನೆಯ ನಗು, ನಿನ್ನೆಯ ದರ್ಜಿ, ಎಲ್ಲ ಬರೀ ನಾಟಕ. ಊರನ್ನೆಲ್ಲ ಮಂಗ ಮಾಡಿದ ನನ್ನನ್ನೇ ಮಂಗ ಮಾಡಿದಿರಿ. ಮೊನ್ನೆ ನಿಮ್ಮ ಕಣ್ಣಲ್ಲಿ ಬಂದ ನೀರು ನಗುವಿನದೇ ಅಂತ ನಾನೂ ನಂಬಿಬಿಟ್ಟೆನಲ್ಲ!

ಸಿಟ್ಟು ನೆತ್ತಿಗೇರಿದೆ, ಹೇಳಿಬಿಡುತ್ತೇನೆ. ಬೇಡ ಅನ್ನುವುದಿದ್ದರೆ ನನಗೆ ಹೇಳಬೇಕಿತ್ತು. ನೆಗಡಿಯವರಿಗಲ್ಲ. ದಾರ ತುಂಡಾದರೆ ಸೂಜಿಯನ್ನು ಬೈಯಬೇಡ, ಮೊದಲು ಒಳಗೆ ಬಿಚ್ಚಿ ನೋಡು ಅಂತ ಕಲಿಸಿದವರು ನೀವೇ. ಅಲ್ಲಿನ ಹೆಂಗಸರಿಗೆ ನಾನು ಕಲಿಸಹೊರಟಿರುವುದೂ ಅದನ್ನೇ, ನಿಮ್ಮದೇ ಬೈಗುಳಗಳ ಸಮೇತ.

ಗುರುವಾರ ಬೆಳಿಗ್ಗೆ ಅವರು ಇನ್ನೊಂದೇ ಸಲ ಫೋನು ಮಾಡುತ್ತಾರೆ. ಆಗ ನಾನು ನಿಮ್ಮ ಎದುರಿನ ಸ್ಟೂಲಿನ ಮೇಲೆ, ಎರಡೂ ತುಟಿ ನಿಮಗೆ ಕಾಣುವ ಹಾಗೆ, ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಕೆಲಸ ಬರುತ್ತದೆಯೇ ಅಂದರೆ ನಿಜ ಹೇಳಿ. ಬಿಟ್ಟಿರಲು ಆಗುತ್ತದೆಯೇ ಅಂದರೆ ಅದಕ್ಕೂ ನಿಜವನ್ನೇ ಹೇಳಿ, ನನ್ನ ಮುಖ ನೋಡಿಕೊಂಡು. ಆಗಲ್ಲ ಅನ್ನುವುದಾದರೂ ಇಡಬೇಡಿ. ‘ಆದ್ರೂ ಕಳಿಸ್ತೀನಿ’ ಅನ್ನಲು ನಿಮಗೆ ಸ್ವಲ್ಪ ಹೊತ್ತು ಹಿಡಿಯಬಹುದು. ಅವರು ಕಾಯುತ್ತಾರೆ, ನಾನು ಕೇಳಿಕೊಂಡು ಬಂದಿದ್ದೇನೆ.

ನಿಮ್ಮ ಸೂಜಿ ಮುರಿಯದಿರಲಿ, ಬೆಲ್ಟು ಜಾರದಿರಲಿ, ಫೋನಿನಲ್ಲಿ ಬರುವ ಆನೆಗಳೆಲ್ಲ ಇನ್ನು ಮುಂದೆ ನಿಜವಾದ ಆನೆಗಳೇ ಆಗಿರಲಿ.

ಇಂತಿ, ಎಲ್ಲಿಗೆ ಹಾರಿದರೂ ನಿಮ್ಮದೇ ಆದ
ಕಪಿ